ಹುಳ ಮೇದರೆ ಗಾಡಿ ಸರಿ

ಆ ಕಾರು ಶನಿವಾರ ಬೆಳಗ್ಗೆ ನನ್ನ ಶೆಡ್ಡಿಗೆ ಬಂದಾಗ ನಾನು ಇನ್ನೊಂದು ಗಾಡಿಯ ಕ್ಲಚ್ಚು ಇಳಿಸಿ ಸೊಂಟ ಹಿಡಿದುಕೊಂಡು ಕೂತಿದ್ದೆ. ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ನನ್ನ ಶೆಡ್ಡಿದೆ. ಐವತ್ತು ದಾಟಿದ ಮೆಕ್ಯಾನಿಕ್ಕಿಗೆ ಎಂಜಿನ್ನಿನ ಸದ್ದಿಗಿಂತ ತನ್ನ ಮಂಡಿಯ ಸದ್ದೇ ಮೊದಲು ಕೇಳುತ್ತದೆ. ಇದೊಂದು ಕ್ಲಚ್ಚು ಮುಗಿಸಿ ಎರಡು ದಿನ ಬಾಗಿಲು ಹಾಕಿಬಿಡೋಣ, ಯಾರು ಬಂದು ಗೋಗರೆದರೂ ಒಲ್ಲೆ ಎನ್ನೋಣ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ನನ್ನ ಗಟ್ಟಿ ಮನಸ್ಸಿನ ಆಯುಷ್ಯ ಸಾಮಾನ್ಯವಾಗಿ ಅರ್ಧ ಗಂಟೆ.

ಕಾರು ಓಡಿಸಿಕೊಂಡು ಬಂದವರು ಸಾತನೂರಿನ ಹತ್ತಿರ ಚಾಕಿ ಕೇಂದ್ರ ನಡೆಸುವ ಹೆಣ್ಣುಮಗಳು. ರೇಷ್ಮೆ ಮೊಟ್ಟೆ ಒಡೆದ ದಿನದಿಂದ ಒಂದು ವಾರ, ಹುಳ ಕೂದಲೆಳೆಯಷ್ಟಿರುವಾಗ, ಎಳೆ ಸೊಪ್ಪು ಹೆಚ್ಚಿ ಹಾಕಿ ಕಾಪಾಡಿ, ಆಮೇಲೆ ರೈತರ ಮನೆಗೆ ಮುಟ್ಟಿಸುವುದು ಅವರ ಕೆಲಸ. ಸುತ್ತಿನವರೆಲ್ಲ ಚಾಕಿಯಮ್ಮ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ವಯಸ್ಸು ನಲವತ್ತರ ಆಚೀಚೆ. ಕಾರಿನಿಂದ ಇಳಿದವರೇ ಬಾನೆಟ್ಟು ಎತ್ತಿ ನಿಂತರು.

"ಅಣ್ಣ, ಟ್ಯಾಂಕ್ನಾಗೆ ಗಂಜಿ ಐತೆ" ಎಂದರು.

ನೋಡಿದೆ. ಕೂಲಂಟ್ ತುಂಬುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಸಿರು ನೀರು ಇರಬೇಕಾದ ಕಡೆ ಹಾಲು ಹೆಚ್ಚಾದ ರಾಗಿ ಗಂಜಿಯಂಥದ್ದು ಗಟ್ಟಿಯಾಗಿ ಕೂತಿತ್ತು. ಬೆರಳಲ್ಲಿ ತೆಗೆದು ಉಜ್ಜಿದೆ. ಜಾರಿತು, ಒಡೆಯಲಿಲ್ಲ. ಎಂಜಿನ್ನಿನ ಒಳಗೆ ಎಣ್ಣೆಗೊಂದು ದಾರಿ, ನೀರಿಗೊಂದು ದಾರಿ. ಎರಡೂ ಪಕ್ಕಪಕ್ಕದಲ್ಲೇ ಹರಿಯುತ್ತವೆ, ಜನ್ಮದಲ್ಲಿ ಒಂದನ್ನೊಂದು ಮುಟ್ಟಬಾರದು. ಇಲ್ಲಿ ಎಲ್ಲೋ ಗೋಡೆ ಒಡೆದು ಎಣ್ಣೆ ನೀರಿಗೆ ಸೇರಿತ್ತು.

"ಎಷ್ಟು ದಿನದಿಂದ ಹಿಂಗೆ?"

"ಮೂರು ವಾರ ಆಗಿರ್ಬೋದು. ನೀರು ಕಮ್ಮಿ ಆಗೈತೆ ಅಂತ ಒಸಿ ಒಸಿ ಉಯ್ಕೊಂಡು ಓಡಿಸ್ತಿದ್ದೆ. ನಿನ್ನೆ ಏರಿನಾಗೆ ಹೀಟಿನ ಮುಳ್ಳು ಕೆಂಪಿಗೆ ಹೋಗ್ಬುಡ್ತು."

ಒಂದು ವಾರ ಬೇಕು ಎಂದೆ. ಅವರು ಆಗುವುದಿಲ್ಲ ಎಂದು ತಲೆಯಾಡಿಸಿದರು. ಮೊಟ್ಟೆ ಬುಧವಾರವೇ ಒಡೆದು ಹುಳ ಬಂದಿದ್ದವು. ಬರುವ ಬುಧವಾರ ಸಂಜೆಗೆ ಅವು ಎರಡನೇ ಜ್ವರಕ್ಕೆ ಕೂರುತ್ತವೆ. ರೇಷ್ಮೆಯವರ ಮಾತಿನಲ್ಲಿ ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುವ ಒಂದು ದಿನ. ಸಾಗಿಸುವುದಾದರೆ ಆ ಒಂದು ದಿನವೇ. ಗುರುವಾರ ಬೆಳಗಿನ ತಂಪಿನಲ್ಲಿ ವಿರೂಪಾಕ್ಷಿಪುರದ ಕಡೆಯ ಹನ್ನೊಂದು ಮನೆಗೆ ಹುಳ ಮುಟ್ಟಬೇಕು. ಆ ಹನ್ನೊಂದು ಮನೆಯವರೂ ಸಾಕಾಣಿಕೆ ಮನೆ ತೊಳೆದು, ಸೊಪ್ಪು ಬಲಿಯುವ ಮುಂಚೆ ಹುಳ ಬರಲಿ ಎಂದು ಕಾಯುತ್ತಿದ್ದರು.

"ಬೇರೆ ಗಾಡಿ ಬಾಡಿಗೆಗೆ ತಗೊಳ್ಳಿ ತಾಯಿ" ಎಂದೆ. ನನ್ನ ಸೊಂಟ ಹೇಳಿಸಿದ ಮಾತು ಅದು.

"ಹೋದ್ವರ್ಷ ಅದನ್ನೇ ಮಾಡಿ ಕೆಟ್ಟೆ ಕಣಣ್ಣ. ಆ ಗಾಡೀಲಿ ಯಾವತ್ತೋ ಔಷ್ದಿ ಕ್ಯಾನು ಸಾಗ್ಸಿದ್ರಂತೆ. ತೊಳ್ದಿವ್ನಿ ಅಂದ ಡ್ರೈವರ್ರು. ನಾಲ್ಕು ಮನೆ ಹುಳ ಮನೆ ಸೇರೋದ್ರೊಳಗೇ ವಾಂತಿ ಮಾಡ್ಕೊಂಡು ಸತ್ತೋದ್ವು. ಆ ನಾಲ್ಕು ಮನೆಯೋರು ಇವತ್ತೂ ನನ್ನತ್ರ ಮಾತಾಡಕಿಲ್ಲ. ಈ ಹನ್ನೊಂದು ಮನೆಯೋರು, ಇನ್ನೊಂದ್ಸಾರಿ ನೋಡ್ತೀವಿ ಅಂದವ್ರೆ. ಇದೂ ಕೆಟ್ರೆ ಬಾಗ್ಲು ಹಾಕ್ಕೊಳದೇಯ."

ಅದಾದ ಮೇಲೆ ಅವರು ಈ ಹಳೆ ಡೀಸೆಲ್ ಕಾರು ಕೊಂಡು, ಹಿಂದಿನ ಸೀಟು ಕಿತ್ತುಹಾಕಿ, ತಟ್ಟೆ ಜೋಡಿಸಲು ಕಬ್ಬಿಣದ ಚೌಕಟ್ಟು ಕೂರಿಸಿದ್ದರು. ಅದರೊಳಗೆ ಹುಳ ಬಿಟ್ಟು ಇನ್ನೇನೂ ಹೋಗಿರಲಿಲ್ಲ. ಅಗರಬತ್ತಿ ಹಚ್ಚಿರಲಿಲ್ಲ, ಸೆಂಟು ಹಾಕಿಕೊಂಡ ನೆಂಟರನ್ನು ಹತ್ತಿಸಿರಲಿಲ್ಲ. ಕೀ ನನ್ನ ಕೈಗೆ ಕೊಡುವ ಮುಂಚೆ ಅವರ ಕಣ್ಣು ನನ್ನ ಜೇಬಿನ ಕಡೆ ಹೋಯಿತು.

"ಕಡ್ಡಿಪುಡಿ ಆಕ್ತೀರಾ ಅಣ್ಣ?"

"ಹೂಂ. ಇಪ್ಪತ್ತು ವರ್ಷದಿಂದ."

"ಗಾಡಿ ನಿಮ್ಮತ್ರ ಇರೋಗಂಟ ಬುಟ್ಬುಡಿ. ಹೊಗೆಸೊಪ್ಪು ಮುಟ್ಟಿದ ಕೈ ತಾಕಿದ್ರೂ ಹುಳ ಉಳಿಯಾಕಿಲ್ಲ. ಸೀಮೆಣ್ಣೆ, ಫಿನಾಯಿಲು ಯಾವ್ದೂ ಒಳೀಕೆ ಬರ್ಬಾರ್ದು."

ಪೊಟ್ಟಣ ತೆಗೆದು ನಟ್ಟು ಬೋಲ್ಟಿನ ಡಬ್ಬದ ಹಿಂದೆ ಇಟ್ಟೆ. ಎಸೆಯಲಿಲ್ಲ. ಎಸೆಯುವಷ್ಟು ವೈರಾಗ್ಯ ನನಗೆ ಯಾವತ್ತೂ ಬಂದಿಲ್ಲ.

ಅವರು ಬಸ್ಸು ಹತ್ತಿ ಹೋದ ಮೇಲೆ ಪರೀಕ್ಷೆಗೆ ಕೂತೆ. ಡಿಪ್ ಸ್ಟಿಕ್ಕು ಎಳೆದು ನೋಡಿದೆ. ಎಂಜಿನ್ ಆಯಿಲ್ ಕಪ್ಪಗೆ ಶುದ್ಧವಾಗಿತ್ತು, ಅದರಲ್ಲಿ ನೀರಿನ ಸುಳಿವಿಲ್ಲ. ಸ್ಟಾರ್ಟು ಮಾಡಿದರೆ ಬಿಳಿ ಹೊಗೆ ಇಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಎಕ್ಸಿಲೇಟರ್ ಕೊಟ್ಟರೆ ಗುಳ್ಳೆ ಇಲ್ಲ. ನಾಲ್ಕು ಸಿಲಿಂಡರಿನ ಕಂಪ್ರೆಶನ್ನೂ ಸಮ. ಎಂಜಿನ್ನಿನ ಮೇಲ್ಭಾಗದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟು ಹೋಗಿದ್ದರೆ ಇದರಲ್ಲಿ ಒಂದಾದರೂ ಕೈ ಎತ್ತಿ ಹೇಳಬೇಕಿತ್ತು. ಇವತ್ತು ಯೋಚಿಸಿದರೆ ಎಂಜಿನ್ನು ನನಗೆ ನಾಲ್ಕು ಸಲ ಬಿಡಿಸಿ ಹೇಳಿತ್ತು. ಆದರೆ ನಮ್ಮ ಕಡೆ ಮಗು ಅತ್ತರೆ ದೃಷ್ಟಿ, ನೀರಿಗೆ ಎಣ್ಣೆ ಬಿದ್ದರೆ ಹೆಡ್ ಗ್ಯಾಸ್ಕೆಟ್ಟು. ಎದುರಿನ ಟೀ ಅಂಗಡಿಯಲ್ಲಿ ಕೂತ ನಾಲ್ಕು ಜನ ಅದನ್ನೇ ಹೇಳಿದರು. ಅವರಲ್ಲಿ ಒಬ್ಬರಿಗೂ ಸೈಕಲ್ ಪಂಕ್ಚರ್ ಹಾಕಲು ಬರುವುದಿಲ್ಲ. ನಾನೂ ಅವರ ಜೊತೆ ತಲೆಯಾಡಿಸಿ ಟೀ ಕುಡಿದೆ.

ಭಾನುವಾರ ಇಡೀ ದಿನ ಹೆಡ್ಡು ಬಿಚ್ಚುವುದರಲ್ಲಿ ಹೋಯಿತು. ಡೀಸೆಲ್ ಪೈಪು, ಇಂಜೆಕ್ಟರು, ಟೈಮಿಂಗ್ ಬೆಲ್ಟು, ಮ್ಯಾನಿಫೋಲ್ಡು ಒಂದೊಂದೇ ಕಳಚಿ, ಗುರುತು ಹಾಕಿ, ಹಳೆ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಒಂದು ಇಂಜೆಕ್ಟರು ಮಸಿ ಕಟ್ಟಿ ಎರಡು ಗಂಟೆ ಅಲ್ಲಾಡಲಿಲ್ಲ. ಕಡ್ಡಿಪುಡಿ ಇಲ್ಲದೆ ತಲೆ ಸಿಡಿಯುತ್ತಿತ್ತು, ಯಾವ ಸ್ಪ್ಯಾನರು ಕೈಗೆ ಬಂದರೂ ಅದಕ್ಕೊಂದು ಬೈಗುಳ. ಸಂಜೆ ಹೊತ್ತಿಗೆ ಹೆಡ್ಡು ಎತ್ತಿದೆ. ಗ್ಯಾಸ್ಕೆಟ್ಟು ನೆಟ್ಟಗಿತ್ತು. ಎಣ್ಣೆಯ ತೂತಿನ ಪಕ್ಕ ಕಡ್ಡಿ ಗಾತ್ರದ ಒಂದು ಕಲೆ ಕಂಡಿತು. ಸಿಕ್ಕಿತು ಕಳ್ಳ ಎಂದುಕೊಂಡೆ. ಕಾಣಬೇಕು ಎಂದು ಹುಡುಕುವವನಿಗೆ ಕಲೆ ಎಲ್ಲಿ ಬೇಕಾದರೂ ಕಾಣುತ್ತದೆ. ಚಾಕಿಯಮ್ಮನಿಗೆ ಫೋನ್ ಮಾಡಿ, "ಹೆಡ್ ಗ್ಯಾಸ್ಕೆಟ್ಟೇ ತಾಯಿ, ಗ್ಯಾರಂಟಿ" ಎಂದೆ.

ಸೋಮವಾರ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ, ಸರ್ಕಾರಿ ಬಸ್ಸಿನ ಕಾಲಡಿ ಇಟ್ಟುಕೊಂಡು ರಾಮನಗರಕ್ಕೆ ಹೋದೆ. ಅಲ್ಲಿ ಹೆಡ್ಡು ಪರೀಕ್ಷಿಸಿ ಮಟ್ಟ ಮಾಡಿಕೊಡುವ ಲೇತಿನ ಅಂಗಡಿಯವನು ನನ್ನ ಹಳೆಯ ಗೆಳೆಯ, ಒಂದೇ ಶೆಡ್ಡಿನಲ್ಲಿ ಕೆಲಸ ಕಲಿತವರು ನಾವು. ಅವನು ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಅಡಿಯಲ್ಲಿ ತೆಳು ತಗಡು ತೂರಿಸಿ ನೋಡಿದ. ಎಲ್ಲೂ ತೂರಲಿಲ್ಲ. ನೀರಿನ ದಾರಿಗಳನ್ನೆಲ್ಲ ಮುಚ್ಚಿ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿದ. ಒಂದು ಗುಳ್ಳೆಯೂ ಬರಲಿಲ್ಲ. ಕೈ ಒರೆಸಿಕೊಂಡು ನನ್ನ ಮುಖ ನೋಡಿದ.

"ಇದ್ಯಾಕ್ಲಾ ಬಿಚ್ಚಿದೆ?"

"ನೀರಿಗೆ ಎಣ್ಣೆ ಬಂದೈತೆ."

"ಎಣ್ಣೆಗೆ ನೀರು ಬಂದೈತಾ?"

"ಇಲ್ಲ."

"ಲೇ, ಆಯಿಲ್ ಕೂಲರ್ ನೋಡಿದ್ಯೇನ್ಲಾ?"

ನೋಡಿರಲಿಲ್ಲ. ಆಯಿಲ್ ಫಿಲ್ಟರಿನ ಹಿಂದೆ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಕಟ್ಟು ಇರುತ್ತದೆ. ಅದರ ಪದರಗಳಲ್ಲಿ ಒಂದು ಬಿಟ್ಟು ಒಂದರಲ್ಲಿ ಬಿಸಿ ಎಣ್ಣೆ, ತಣ್ಣನೆ ನೀರು ಹರಿದು ಎಣ್ಣೆಯ ಕಾವು ಇಳಿಯುತ್ತದೆ. ಎಂಜಿನ್ನು ಓಡುವಾಗ ಎಣ್ಣೆಯ ಒತ್ತಡ ನೀರಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಲ್ಲಿ ಬಿರುಕು ಬಿಟ್ಟರೆ ಎಣ್ಣೆ ನೀರಿಗೆ ನುಗ್ಗುತ್ತದೆ, ನೀರು ಎಣ್ಣೆಗೆ ಬರುವುದಿಲ್ಲ. ನಾಲ್ಕು ಬೋಲ್ಟು ಬಿಚ್ಚಿದರೆ ಕೈಗೆ ಬರುವ ಸಾಮಾನು ಅದು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ನಾನು ಬೆಟ್ಟ ಅಗೆದಿದ್ದೆ, ಇಲಿ ಬೇರೆ ಕಡೆ ಇತ್ತು. ಚಾಕಿಯಮ್ಮನಿಗೆ ಇದ್ದ ಐದು ದಿನದಲ್ಲಿ ಎರಡನ್ನು ನಾನು ನುಂಗಿ ಹಾಕಿದ್ದೆ. ಗೋಣಿಚೀಲ ಹೊತ್ತು ವಾಪಸ್ಸು ಬಸ್ಸು ಹತ್ತಿದಾಗ ಹೆಡ್ಡು ಬಂದಾಗಿನ ಎರಡರಷ್ಟು ಭಾರವಾಗಿತ್ತು.

ಶೆಡ್ಡಿಗೆ ಬಂದವನೇ ಕೂಲರು ಬಿಚ್ಚಿದೆ. ಎಣ್ಣೆಯ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಪೈಪು ಕಟ್ಟಿ, ಬಕೆಟ್ಟಿನ ನೀರಿನಲ್ಲಿ ಅದ್ದಿದೆ. ಕಾಯುತ್ತಾ ಕೂತೆ. ಏನೂ ಇಲ್ಲ. ಒತ್ತಡ ಏರಿಸಿದೆ. ಆಗಲೂ ಏನೂ ಇಲ್ಲ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹೆಡ್ಡೂ ಅಲ್ಲ, ಗ್ಯಾಸ್ಕೆಟ್ಟೂ ಅಲ್ಲ, ಕೂಲರೂ ಅಲ್ಲ ಅಂದರೆ ಬ್ಲಾಕೇ ಸೀಳಿರಬೇಕು, ಹಾಗಾದರೆ ಗುರುವಾರದ ಮಾತು ಮರೆತುಬಿಡುವುದೇ ಸರಿ. ಹತ್ತು ನಿಮಿಷ ಅಲ್ಲೇ ಟೈರಿನ ಮೇಲೆ ಕೂತಿದ್ದೆ. ಆಮೇಲೆ ಚಾಕಿಯಮ್ಮ ಹೇಳಿದ ಒಂದು ಮಾತು ತಲೆಗೆ ಬಂತು. ಮುಳ್ಳು ಕೆಂಪಿಗೆ ಹೋಗಿದ್ದು ಏರಿನಲ್ಲಿ. ಎಂಜಿನ್ನು ಕಾದಾಗ ಕೆಡುವ ಸಾಮಾನನ್ನು ನಾನು ಬೋರ್‌ವೆಲ್ಲಿನ ತಣ್ಣೀರಿನಲ್ಲಿ ಅದ್ದಿ ಕೂತಿದ್ದೆ.

ಶೆಡ್ಡಿನ ಹಿಂದೆಯೇ ನಮ್ಮ ಮನೆ. ಸ್ನಾನದ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಮನೆಯವಳು ಏನು ಎಂದು ಕೇಳುವಷ್ಟರಲ್ಲಿ ಒಂದು ಬಕೆಟ್ಟು ಎತ್ತಿಕೊಂಡು ಬಂದಿದ್ದೆ. ಕೂಲರನ್ನು ಆ ಬಿಸಿನೀರಿನಲ್ಲಿ ಮುಳುಗಿಸಿ ಐದು ನಿಮಿಷ ಬಿಟ್ಟು ಗಾಳಿ ಕೊಟ್ಟೆ. ನೀರಿನ ಬಾಯಿಂದ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಬಂದವು. ಕಾವಿಗೆ ಬಾಯಿ ಬಿಡುವ ಬಿರುಕು, ತಣ್ಣಗಾದರೆ ಮುಚ್ಚಿಕೊಳ್ಳುತ್ತಿತ್ತು. ನನಗೆ ಖುಷಿಯೂ ಆಯಿತು, ಅದಕ್ಕಿಂತ ಹೆಚ್ಚು ನಾಚಿಕೆ ಆಯಿತು. ಬೆಂಗಳೂರಿನ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ ಹೊಸ ಕೂಲರು, ಗ್ಯಾಸ್ಕೆಟ್ಟು, ರಬ್ಬರ್ ಪೈಪುಗಳನ್ನು ಬೆಳಗಿನ ಬಸ್ಸಿಗೆ ಹಾಕಿಸಲು ಹೇಳಿದೆ.

ಸಂಜೆ ಚಾಕಿಯಮ್ಮ ಫೋನ್ ಮಾಡಿದರು. "ಗ್ಯಾಸ್ಕೆಟ್ಟೇಯ ಅಣ್ಣ?"

ಆಗಲೇ ಹೇಳಬಹುದಿತ್ತು. "ಗ್ಯಾಸ್ಕೆಟ್ಟೂ ಒಸಿ ಹೋಗಿತ್ತು ತಾಯಿ, ಜೊತೆಗೆ ಕೂಲರ್ರೂ ಹೋಗೈತೆ" ಎಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮಪ್ಪ ಹೇಳುತ್ತಿದ್ದುದು ನೆನಪಿತ್ತು. ನೆನಪಿದ್ದೂ ಸುಳ್ಳು ಹೇಳಿದೆ.

ಮಂಗಳವಾರ ಮಧ್ಯಾಹ್ನದೊಳಗೆ ಹೊಸ ಗ್ಯಾಸ್ಕೆಟ್ಟು ಹಾಕಿ ಹೆಡ್ಡು ಕೂರಿಸಿದೆ. ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ ಬಿಗಿದು, ಕೊನೆಗೆ ಕೋನ ಅಳೆದು ತಿರುಗಿಸಿದೆ. ಹೊಸ ಕೂಲರೂ ಕೂತಿತು. ಇನ್ನು ಉಳಿದಿದ್ದು ಒಳಗಿನ ಗಂಜಿ. ಸೋರುವುದನ್ನು ನಿಲ್ಲಿಸುವುದು ಅರ್ಧ ಕೆಲಸ, ಮೂರು ವಾರದಿಂದ ರೇಡಿಯೇಟರು, ಬ್ಲಾಕು, ಹೀಟರು ಎಲ್ಲ ಕಡೆ ಮೆತ್ತಿಕೊಂಡ ಜಿಡ್ಡನ್ನು ತೆಗೆಯುವುದು ಇನ್ನರ್ಧ. ಇದಕ್ಕೆ ನಮ್ಮ ಕಸುಬಿನವರ ಪದ್ಧತಿ ಒಂದೇ. ನೀರಿನ ಬದಲು ಡೀಸೆಲ್ ತುಂಬಿ ಹತ್ತು ನಿಮಿಷ ಓಡಿಸಿ ಚೆಲ್ಲಿಬಿಡುವುದು. ಜಿಡ್ಡು ಒಂದೇ ಏಟಿಗೆ ಕರಗುತ್ತದೆ. ನಾನೂ ಎಷ್ಟೋ ಗಾಡಿಗೆ ಮಾಡಿದ್ದೇನೆ. ಸೊಂಟ ಬೇರೆ ಮುರಿಯುವಂತಿತ್ತು. ಡೀಸೆಲ್ ಕ್ಯಾನು ಎತ್ತಿ, ಆಲಿಕೆ ಟ್ಯಾಂಕಿನ ಬಾಯಿಗಿಟ್ಟೆ.

ಆಗ ಕಿಟಕಿಯ ಗಾಜಿನಿಂದ ಒಳಗಿನ ಚೌಕಟ್ಟು ಕಂಡಿತು. ಕಾರಿನ ಹೀಟರು ಇರುವುದು ಡ್ಯಾಶ್‌ಬೋರ್ಡಿನ ಒಳಗೆ, ಎಂಜಿನ್ನಿನ ನೀರೇ ಅದರೊಳಗೆ ಸುತ್ತುತ್ತದೆ. ಡೀಸೆಲ್ ಹೋದರೆ ಅಲ್ಲಿಗೂ ಹೋಗುತ್ತದೆ. ಅದರ ರಬ್ಬರು ಡೀಸೆಲ್ ಕುಡಿದು ಉಬ್ಬುತ್ತದೆ, ತಿಂಗಳುಗಟ್ಟಲೆ ವಾಸನೆ ಬಿಡುತ್ತದೆ. ಮನುಷ್ಯ ಕಿಟಕಿ ಇಳಿಸಿ ಮೂಗು ಮುಚ್ಚಿಕೊಂಡಾನು. ತಟ್ಟೆಯಲ್ಲಿರುವ ಹುಳಕ್ಕೆ ಮುಚ್ಚಿಕೊಳ್ಳಲು ಕೈ ಇಲ್ಲ. ಕ್ಯಾನು ಕೆಳಗಿಟ್ಟೆ.

ರಾಮನಗರದ ಗೆಳೆಯನಿಗೆ ಫೋನ್ ಮಾಡಿ ಕೇಳಿದೆ. ಅವನ ಅಂಗಡಿಯ ಪಕ್ಕ ರೇಷ್ಮೆ ನೂಲು ಬೇಯಿಸುವ ಮನೆಯಿದೆ.

"ನೂಲಿನ ಜಿಗುಟು ತೆಗೆಯಕ್ಕೆ ಇವ್ರು ಒಂದು ಸೋಪು ಹಾಕ್ತಾರೆ ಕಣ್ಲಾ, ವಾಸ್ನೆ ಇಲ್ಲ ಬಣ್ಣ ಇಲ್ಲ. ಸೋಡಾ ಮಾತ್ರ ಬೆರೆಸ್ಬೇಡ, ಅಲ್ಯೂಮಿನಿಯಂ ತಿಂದಾಕ್ಬುಡ್ತದೆ. ಬಸ್ಸಿಗೆ ಕೊಟ್ಟು ಕಳಿಸ್ತೀನಿ. ಬೋರ್ ನೀರ್ನಾಗೆ ಕಲೆಸಬ್ಯಾಡ, ಗಡ್ಸು ನೀರಿಗೆ ಅದು ಒಡೆದು ಮೊಸ್ರಾಯ್ತದೆ."

ಹಾಗಾಗಿ ನಮ್ಮ ಬೀದಿಯ ಕುಡಿಯುವ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಬೈಕಿನ ಹಿಂದೆ ಕಟ್ಟಿ ತಂದೆ. ಮದುವೆ ಏನಾದರೂ ಇದೆಯಾ ಎಂದು ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬರು ಕೇಳಿದರು. ಕಾರಿಗೆ ಎಣ್ಣೆಸ್ನಾನ ಎಂದೆ.

ನೀರು ಕಾಯುವವರೆಗೆ ದಾರಿ ತಡೆಯುವ ಥರ್ಮೋಸ್ಟಾಟು ತೆಗೆದಿಟ್ಟು, ಹೀಟರಿನ ಎರಡು ಪೈಪುಗಳನ್ನು ಬೇರೆ ಮಾಡಿ, ಅದನ್ನು ಹಿಂದಿನಿಂದ ಮುಂದಕ್ಕೆ ಉಲ್ಟಾ ತೊಳೆದೆ. ಎಂಜಿನ್ನಿಗೆ ಸೋಪಿನ ನೀರು ತುಂಬಿ, ನೊರೆ ಎದ್ದು ಪಂಪು ಗಾಳಿ ಕುಡಿಯದ ಹಾಗೆ ನಿಧಾನ ಓಡಿಸಿ, ಕಾದ ಮೇಲೆ ಡ್ರಮ್ಮಿಗೆ ಇಳಿಸಿದೆ. ಚರಂಡಿಗೆ ಬಿಡುವಂತಿರಲಿಲ್ಲ, ನಮ್ಮ ಚರಂಡಿ ಹೋಗಿ ಸೇರುವುದು ಯಾರದೋ ಹಿಪ್ಪುನೇರಳೆ ತೋಟಕ್ಕೆ. ಮೊದಲ ಸಲ ಗಂಜಿ ಬಂತು. ಎರಡು, ಮೂರು, ನಾಲ್ಕನೇ ಸಲವೂ ಗಂಜಿ. ಪ್ರತಿ ಸಲ ಎಂಜಿನ್ನು ಆರುವವರೆಗೆ ಕಾಯಬೇಕು, ಮತ್ತೆ ಗಾಡಿಯ ಕೆಳಗೆ ಮಲಗಬೇಕು, ಮತ್ತೆ ಏಳಬೇಕು. ಏಳುವುದೇ ಕಷ್ಟ. ಐದನೇ ಸಲ ಮಜ್ಜಿಗೆಯಾಯಿತು. ನಡುರಾತ್ರಿಯ ಹೊತ್ತಿಗೆ ಎಂಟನೆಯದು, ಅಕ್ಕಿ ತೊಳೆದ ನೀರಿನ ಬಣ್ಣ. ಬುಧವಾರ ನಸುಕಿಗೇ ಎದ್ದು ಬರೀ ನೀರಿನಲ್ಲಿ ಮತ್ತೆ ಮೂರು ಸಲ ತೊಳೆದೆ. ಕೊನೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿದೆ. ಅದರ ಆಚೆ ಟೀ ಅಂಗಡಿಯ ನಾಲ್ಕು ಮುಖವೂ ಸ್ಪಷ್ಟವಾಗಿ ಕಂಡವು.

ಉಬ್ಬಿದ್ದ ಹಳೆ ಪೈಪುಗಳನ್ನು ಬದಲಿಸಿ, ಥರ್ಮೋಸ್ಟಾಟು, ಹೊಸ ಕೂಲಂಟು ಹಾಕಿ, ಗಾಳಿ ತೆಗೆದು, ಸಾತನೂರಿನ ರಸ್ತೆಯ ಏರಿನಲ್ಲಿ ಎರಡು ಸಲ ಓಡಿಸಿ ಬಂದೆ. ಮುಳ್ಳು ನಡುವಿನಲ್ಲಿ ನಿಂತಿದ್ದು ಅಲ್ಲಾಡಲಿಲ್ಲ. ಟ್ಯಾಂಕಿನ ನೀರು ಹಸಿರಾಗಿಯೇ ಇತ್ತು. ನಾಲ್ಕು ದಿನದ ಮೇಲೆ ಮೊದಲ ಸಲ ನನಗೆ ಮೈ ಹಗುರವಾಯಿತು. ಕೆಲಸ ಮುಗಿಯಿತಲ್ಲ ಎಂದು ಡಬ್ಬದ ಹಿಂದಿನ ಪೊಟ್ಟಣ ತೆಗೆದು ಒಂದೇ ಒಂದು ಚಿಟಿಕೆ ಕಡ್ಡಿಪುಡಿ ಹಾಕಿಕೊಂಡೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಹತ್ತು ಗಂಟೆಗೆ ಚಾಕಿಯಮ್ಮ ಬಸ್ಸಿಳಿದರು. ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಅಗಲ ಡಬ್ಬಿಯ ಮೇಲೆ ಒದ್ದೆ ಬಟ್ಟೆ. ಒಳಗೆ ಮೇಣದ ಕಾಗದ, ಅದರ ಮೇಲೆ ಬೂದು ಬಣ್ಣದ, ಅಕ್ಕಿಕಾಳಿಗಿಂತ ಒಂದಿಷ್ಟು ಉದ್ದದ ಒಂದು ಹಿಡಿ ಹುಳ, ಸಣ್ಣಗೆ ಹೆಚ್ಚಿದ ಸೊಪ್ಪು ಮೇಯುತ್ತಿದ್ದವು.

"ನಿಮ್ಮ ಮಾತ್ಗಿಂತ ಇವು ಹೇಳೋದು ಮೇಲು ಕಣಣ್ಣ. ಸಾಯಂಕಾಲ ಜ್ವರಕ್ಕೆ ಕೂತ್ಕೊಳೋ ಮುಂಚೆ ಗಾಡಿಯೊಳಗೆ ಒಂದ್ಗಂಟೆ ಇಟ್ಟು ನೋಡ್ತೀನಿ. ಮೇದ್ರೆ ಗಾಡಿ ಸರಿ. ಇಲ್ದಿದ್ರೆ ಇಲ್ಲ."

ಹೀಟರು ಹಾಕಿ ಅರ್ಧ ಗಂಟೆ ಒಳಗಿನ ಗಾಳಿ ತಿರುಗಿಸಿದೆವು. ಆಮೇಲೆ ಹೀಟರು ನಿಲ್ಲಿಸಿ, ಎಸಿ ಸಣ್ಣಗೆ ಇಟ್ಟು, ಅವರು ಡಬ್ಬಿಯನ್ನು ಚೌಕಟ್ಟಿನ ಮೇಲೆ ತೆರೆದಿಟ್ಟು ಕಿಟಕಿ ಮುಚ್ಚಿದರು. ಎಂಜಿನ್ನು ಓಡುತ್ತಿತ್ತು. ಅವರು ಬಟ್ಟೆ ಒದ್ದೆ ಮಾಡಿಕೊಂಡು ಬರಲು ನಮ್ಮ ಮನೆಯ ಕಡೆ ಹೋದರು. ಗಾಜಿನಿಂದ ನೋಡಿದೆ, ಡಬ್ಬಿಯ ಒಂದು ಮೂಲೆಯಲ್ಲಿ ಸೊಪ್ಪು ಖಾಲಿಯಾಗಿತ್ತು. ಪಾಪ ಹಸಿದಾವೆ ಎನಿಸಿತು. ಮುಂದಿನ ಸೀಟಿನ ಮೇಲೆ ಅವರು ಬಿಟ್ಟಿದ್ದ ಸೊಪ್ಪಿನ ಗಂಟು ಬಿಚ್ಚಿ, ಒಂದು ಚಿಟಿಕೆ ಆ ಮೂಲೆಗೆ ಉದುರಿಸಿ ಬಾಗಿಲು ಹಾಕಿದೆ. ಉಪಕಾರ ಮಾಡಿದ ಸಮಾಧಾನದಲ್ಲಿ ಟೀ ಹೇಳಲು ಹೋದೆ.

ಮುಕ್ಕಾಲು ಗಂಟೆ ಕಳೆದು ಅವರು ಬಾಗಿಲು ತೆಗೆದರು. ನಾನು ಹಿಂದೆ ನಿಂತಿದ್ದೆ. ಅವರು ಬಹಳ ಹೊತ್ತು ಬಗ್ಗಿದ್ದರು. ನಾನೂ ಬಗ್ಗಿ ನೋಡಿದರೆ, ಹುಳ ತಲೆ ಎತ್ತಿ ಅತ್ತಿತ್ತ ತೂಗುತ್ತಿದ್ದವು. ಕೆಲವು ಸುರುಟಿಕೊಂಡಿದ್ದವು. ಬಾಯಲ್ಲಿ ಕಂದು ನೀರು.

"ಗಾಡೀಲಿ ವಾಸ್ನೆ ಐತೆ" ಎಂದರು ಚಾಕಿಯಮ್ಮ. ಧ್ವನಿ ಏರಿಸಲಿಲ್ಲ. "ನಮ್ಮ ಮೂಗಿಗೆ ಗೊತ್ತಾಗಲ್ಲ, ಅವಕ್ಕೆ ಗೊತ್ತಾಯ್ತದೆ. ಹೋದ್ವರ್ಷಾನೂ ಹಿಂಗೇ ತಲೆ ಎತ್ತಿದ್ವು." ಶೆಡ್ಡಿನ ಕಂಬಕ್ಕೆ ಒರಗಿ ಫೋನು ತೆಗೆದರು. "ಅವ್ರಿಗೆ ಹೇಳ್ಬುಡ್ತೀನಿ. ನಾಳೆ ಕಾಯಬ್ಯಾಡಿ ಅಂತ."

ಹನ್ನೊಂದು ಸಲ ತೊಳೆದಿದ್ದೆ. ಇನ್ನೆಲ್ಲಿ ವಾಸನೆ? ಸೋಪೇ? ಕೂಲಂಟೇ? ಹೊಸ ರಬ್ಬರೇ? ಮತ್ತೆ ಡಬ್ಬಿ ನೋಡಿದೆ. ಆಗ ಕಂಡಿತು. ತಲೆ ಎತ್ತಿದ್ದು ಒಂದು ಮೂಲೆಯ ಹುಳ ಮಾತ್ರ. ಅದರಾಚೆ ಕಾಲು ಮೊಳ ದೂರದಲ್ಲಿ, ಅದೇ ಡಬ್ಬಿಯಲ್ಲಿ, ಅದೇ ಗಾಳಿಯಲ್ಲಿ ಉಳಿದವು ತಲೆ ತಗ್ಗಿಸಿ ಮೇಯುತ್ತಿದ್ದವು. ಗಾಳಿಯಲ್ಲಿ ವಿಷ ಇದ್ದರೆ ಎಲ್ಲವಕ್ಕೂ ತಾಕಬೇಕು. ಆ ಮೂಲೆಗೆ ಸೊಪ್ಪು ಉದುರಿಸಿದವನು ನಾನು. ಬೆರಳು ಮೂಸಿ ನೋಡಿಕೊಂಡೆ.

ಸುಮ್ಮನಿದ್ದರೆ ದೋಷ ಗಾಡಿಯದು, ಹಳೆ ಗಾಡಿಯ ಹಣೆಬರಹ ಎಂದು ಎಲ್ಲರೂ ನಂಬುತ್ತಿದ್ದರು. ಅವರು ಹೆಬ್ಬೆರಳಲ್ಲಿ ನಂಬರು ಹುಡುಕುತ್ತಿದ್ದರು.

"ಫೋನ್ ಮಾಡ್ಬೇಡಿ ತಾಯಿ" ಎಂದೆ. "ಆ ಮೂಲೇಲಿ ಸೊಪ್ಪು ಹಾಕಿದ್ದು ನಾನು. ಬೆಳಿಗ್ಗೆ ಕಡ್ಡಿಪುಡಿ ಹಾಕ್ಕೊಂಡಿದ್ದೆ. ತಪ್ಪು ಗಾಡೀದಲ್ಲ, ನನ್ ಕೈದು."

ಅವರು ನನ್ನನ್ನೇ ನೋಡಿದರು. ಬೈದಿದ್ದರೆ ವಾಸಿಯಾಗಿತ್ತು.

"ಹೆಡ್ ಗ್ಯಾಸ್ಕೆಟ್ಟು ಅಂದಾಗ್ಲೂ ಹಿಂಗೇ ಗ್ಯಾರಂಟಿ ಹೇಳಿದ್ರಿ ಅಣ್ಣ."

"ಅದೂ ಸುಳ್ಳು. ಗ್ಯಾಸ್ಕೆಟ್ಟಿಗೆ ಏನೂ ಆಗಿರ್ಲಿಲ್ಲ. ಮೊದ್ಲೇ ಕೂಲರ್ ನೋಡಿದ್ರೆ ಸೋಮ್ವಾರಕ್ಕೇ ಗಾಡಿ ಕೊಡ್ಬೋದಿತ್ತು. ನೋಡ್ಲಿಲ್ಲ, ಆಮೇಲೆ ಹೇಳ್ಲೂ ಇಲ್ಲ."

"ಈಗ ಹೇಳ್ತಿರೋದಾದ್ರೂ ದಿಟ್ವಾ?"

"ನನ್ನ ಕೇಳ್ಬೇಡಿ ತಾಯಿ. ಹುಳಾನೇ ಕೇಳಿ."

ಅವರು ಫೋನು ಒಳಗಿಟ್ಟರು. ನನ್ನನ್ನು ರಸ್ತೆಯ ಆಚೆ ಹೊಂಗೆ ಮರದ ಕೆಳಗೆ ಹೋಗಿ ನಿಲ್ಲಲು ಹೇಳಿದರು. ಹೋದೆ. ಅಲ್ಲಿಂದ ನೋಡುತ್ತಿದ್ದೆ. ಕೆಟ್ಟ ಮೂಲೆಯ ಕಾಗದವನ್ನು ಹುಳದ ಸಮೇತ ಕತ್ತರಿಸಿ ತೆಗೆದರು. ನಾನು ಮುಟ್ಟಿದ ಸೊಪ್ಪಿನ ಗಂಟನ್ನೂ ಎಸೆದರು. ಉಳಿದ ಹುಳವನ್ನು ಕೋಳಿ ಗರಿಯಿಂದ ಮೆಲ್ಲಗೆ ಸರಿಸಿ ಹೊಸ ಕಾಗದದ ಮೇಲೆ ಬಿಟ್ಟರು. ಕಾರಿನ ಬಾಗಿಲ ಹಿಡಿ, ಚೌಕಟ್ಟು ಎಲ್ಲ ಒರೆಸಿದರು. ತಮ್ಮ ಹೆಗಲ ಚೀಲದ ತಳದಿಂದ ಬೇರೆ ಎಲೆ ತೆಗೆದು ತಾವೇ ಹೆಚ್ಚಿ ಹಾಕಿದರು. ಆಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ, ಸೀಟಿಲ್ಲದ ನೆಲದ ಮೇಲೆ ಕೂತು, ಕಿಟಕಿ ಬಾಗಿಲು ಮುಚ್ಚಿಕೊಂಡರು.

ಒಂದು ಗಂಟೆ. ಎಂಜಿನ್ನು ಒಂದೇ ಸಮನೆ ಓಡುತ್ತಿತ್ತು. ನನಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟೋ ಗಾಡಿ ಸ್ಟಾರ್ಟ್ ಆಗಲಿ ಎಂದು ಕಾದಿದ್ದೇನೆ, ಒಂದು ಹುಳ ಎಲೆ ಕಚ್ಚಲಿ ಎಂದು ಕಾದಿದ್ದು ಅದೇ ಮೊದಲು. ಹೆದರಿಕೆಯಾಗಿತ್ತು, ಒಪ್ಪಿಕೊಳ್ಳುತ್ತೇನೆ.

ಬಾಗಿಲು ತೆರೆಯಿತು. ಚಾಕಿಯಮ್ಮ ಇಳಿದು ರಸ್ತೆಯ ಆ ಬದಿಯಿಂದಲೇ ಒಂದು ಎಲೆಯ ಚೂರನ್ನು ಬಿಸಿಲಿಗೆ ಎತ್ತಿ ಹಿಡಿದರು. ಅದರ ತುಂಬ ಸೂಜಿ ಚುಚ್ಚಿದಂಥ ತೂತುಗಳು.

"ಮೇದವೆ" ಎಂದರು.

ನಾನು ಮರದ ಬುಡದಲ್ಲಿ ಕೂತುಬಿಟ್ಟೆ. ಹೆಡ್ಡಿನ ಕೆಲಸದ ಮಾತು ಅವರೂ ಎತ್ತಲಿಲ್ಲ, ನಾನೂ ಆ ಬಾಬ್ತಿನ ದುಡ್ಡು ಕೇಳಲಿಲ್ಲ. ಹೊರಡುವಾಗ ಕಿಟಕಿ ಇಳಿಸಿ, "ನಾಳೆ ಬೈಕ್ನಾಗೆ ಹಿಂದ್ಗಡೆ ಬರ್ಬೇಕು ನೀವು. ದೂರ್ದಾಗೆ" ಎಂದರು.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಕಾರು ಸಾತನೂರಿನ ಕಡೆಯಿಂದ ಬಂತು. ನಾನು ಹಿಂದೆ ಬಿದ್ದೆ. ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿ, ಹಿಂದಿನ ದಿನದಿಂದ ಕಡ್ಡಿಪುಡಿ ಮುಟ್ಟದೆ, ಆದರೂ ಐವತ್ತು ಅಡಿ ಹಿಂದೆ. ಏರು ಬಂದಾಗ ಹೊಗೆಯ ಬಣ್ಣ ನೋಡುತ್ತಿದ್ದೆ. ಪ್ರತಿ ಮನೆಯ ಮುಂದೆ ನಿಂತಾಗ ಅವರು ಕಿಟಕಿಯಿಂದ ಕೈ ಚಾಚಿ ಬೆರಳನ್ನು ನೆಟ್ಟಗೆ ಹಿಡಿದು ತೋರಿಸುತ್ತಿದ್ದರು, ಮುಳ್ಳು ನಡುವೆ ಇದೆ ಎಂದು. ಹನ್ನೊಂದು ಮನೆಯಲ್ಲೂ ಹಾಗೇ. ಜ್ವರಕ್ಕೆ ಕೂತ ಹುಳ ತಟ್ಟೆ ತಟ್ಟೆಯಾಗಿ ಅಲ್ಲಾಡದೆ ಇಳಿದು ಮನೆಯೊಳಗೆ ಹೋದವು.

ವಿರೂಪಾಕ್ಷಿಪುರದ ಆಚೆ ಕೊನೆಯ ಮನೆ. ಗೇಟಿನ ಹೊರಗೆ ಬೈಕು ನಿಲ್ಲಿಸಿಕೊಂಡಿದ್ದ ನನ್ನನ್ನು ಕಂಡು ಮನೆಯ ಯಜಮಾನರು, "ಅದ್ಯಾರವ್ವ, ಅಲ್ಲೇ ನಿಂತವ್ರೆ? ಒಳೀಕೆ ಕರೀರಿ, ಕಾಫಿ ಕುಡೀಲಿ" ಎಂದರು.

ಚಾಕಿಯಮ್ಮ ಖಾಲಿ ಚೌಕಟ್ಟಿಗೆ ಬಟ್ಟೆ ಹೊದಿಸುತ್ತಾ ತಿರುಗಿ ನೋಡಿದರು. ಐದು ದಿನದಲ್ಲಿ ಅವರು ನಕ್ಕಿದ್ದನ್ನು ಆಗಲೇ ಮೊದಲು ನೋಡಿದ್ದು.

"ನಮ್ ಮೆಕ್ಯಾನಿಕ್ಕು ಕಣಣ್ಣ. ಗಾಡಿ ಸರಿಮಾಡ್ದೋರು. ಕಾಫಿ ಕೊಡಿ, ಹುಳದ ಹತ್ರ ಮಾತ್ರ ಬುಟ್ಕೊಬ್ಯಾಡಿ."

ಕಾಫಿ ಗೇಟಿನ ಹತ್ತಿರಕ್ಕೇ ಬಂತು. ನಿಂತೇ ಕುಡಿದೆ.